ಎಂಟ್ರಿ ಟೈಮ್ ಅಂಕಪಟ್ಟಿಯಲ್ಲ



ಬೇಸಿಗೆಯ ಈಜು ದಿನದ ನೋಂದಣಿ ನಮೂನೆ ಇನ್ನು ಕೆಲವೇ ವಾರಗಳಲ್ಲಿ ತಮ್ಮ ಕೈಸೇರಲಿದೆ. ಮಗುವಿನ ಹೆಸರು, ವಯಸ್ಸು, ಈಜುವ ಶೈಲಿ ಇವುಗಳ ಪಕ್ಕದಲ್ಲಿ ಒಂದು ಪುಟ್ಟ ಚೌಕವಿರುತ್ತದೆ: ಎಂಟ್ರಿ ಟೈಮ್. ಕಳೆದ ವರ್ಷ ಆ ಚೌಕದ ಸಲುವಾಗಿ ಈಜುಕೊಳದ ದಡದಲ್ಲಿ ನಡೆದ ವಾಗ್ವಾದವನ್ನು ಕಂಡವರು ಯಾರೂ ಅದನ್ನು ಪುಟ್ಟದೆನ್ನಲಾರರು. ಆ ಕಹಿಯ ನೆನಪಿನಲ್ಲಿ ಕ್ರೀಡಾ ಸಮಿತಿಯ ಮುಂದೆ ಈಗ ಒಂದು ಹೊಸ ಪ್ರಸ್ತಾವ ಬಂದಿದೆ. ತಾನು ಬರೆದುಕೊಟ್ಟ ಸಮಯಕ್ಕಿಂತ 5 ಸೆಕೆಂಡಿಗೂ ಹೆಚ್ಚು ವೇಗವಾಗಿ ಈಜಿದವರನ್ನು ಅನರ್ಹಗೊಳಿಸಬೇಕು ಎಂಬುದು ಅದರ ಸಾರ. ಈ ಪ್ರಸ್ತಾವವನ್ನು ನಾವು ವಿರೋಧಿಸುತ್ತೇವೆ. ಏಕೆಂದು ಹೇಳುವುದಕ್ಕಾಗಿಯೇ ಈ ಬರಹ. ಆದರೆ ಹೇಳಬೇಕಾದದ್ದು ಸಮಿತಿಗಿಂತ ಹೆಚ್ಚಾಗಿ ಹೆತ್ತವರಿಗೆ, ನಮ್ಮನ್ನೂ ಸೇರಿಸಿಕೊಂಡು.

ಈಜು ಸ್ಪರ್ಧೆಗೆ ಮಕ್ಕಳನ್ನು ಹೊಸದಾಗಿ ಕಳಿಸುವ ಕುಟುಂಬಗಳಿಗಾಗಿ ಎರಡು ಮಾತು. ಒಂದೇ ಸ್ಪರ್ಧೆಗೆ ನಲವತ್ತು ಮಕ್ಕಳು ಹೆಸರು ಕೊಟ್ಟರೆ ಎಂಟು ಲೇನಿನ ಕೊಳದಲ್ಲಿ ಅವರನ್ನು ಐದು ತಂಡಗಳಾಗಿ ಇಳಿಸಬೇಕಾಗುತ್ತದೆ. ಇವೇ ಹೀಟ್‌ಗಳು. ಯಾರು ಯಾವ ಹೀಟಿನಲ್ಲಿ ಎಂಬುದನ್ನು ಎಂಟ್ರಿ ಟೈಮ್ ನಿರ್ಧರಿಸುತ್ತದೆ. ಸಾಮಾನ್ಯವಾಗಿ ನಿಧಾನದವರು ಮೊದಲು, ವೇಗದವರು ಕೊನೆಗೆ. ಹೀಟಿನೊಳಗೆ ಎಲ್ಲರಿಗಿಂತ ವೇಗದ ಸಮಯ ಬರೆದವರಿಗೆ ನಾಲ್ಕನೆಯ ಲೇನ್, ನಂತರದವರಿಗೆ ಐದು, ಮೂರು, ಆರು ಹೀಗೆ ನಡುವಿನಿಂದ ಅಂಚಿಗೆ. ಆಮೇಲೆ ಎಲ್ಲ ಹೀಟ್‌ಗಳ ಫಲಿತಾಂಶವನ್ನೂ ಒಂದುಗೂಡಿಸಿ ಸ್ಥಾನ ಕೊಡಲಾಗುತ್ತದೆ. ಅಂದರೆ ಮೊದಲ ಹೀಟಿನಲ್ಲಿ ಈಜಿದ ಮಗು ಕೂಡ ಸಮಯ ಚೆನ್ನಾಗಿದ್ದರೆ ಪದಕ ಗೆಲ್ಲಬಹುದು. ಈ ಚೌಕಕ್ಕಿರುವ ಕೆಲಸ ಇಷ್ಟೇ: ಸರಿಸುಮಾರು ಒಂದೇ ವೇಗದವರನ್ನು ಅಕ್ಕಪಕ್ಕ ನಿಲ್ಲಿಸುವುದು.

ವೈದ್ಯರಾದ ನಮಗೆ ಇದು ಮಗುವಿನ ತೂಕದಂತೆ ಕಾಣುತ್ತದೆ. ಮಕ್ಕಳಿಗೆ ಔಷಧ ಬರೆಯುವ ಮುನ್ನ ತೂಕ ನೋಡುತ್ತೇವೆ. ಅದರ ಮೇಲೆ ಪ್ರಮಾಣ ಲೆಕ್ಕ ಹಾಕುತ್ತೇವೆ. ಮಗು ದಷ್ಟಪುಷ್ಟವಾಗಿರಲಿ ಎಂಬ ಆಸೆಯಿಂದ ತಾಯಿ ನಾಲ್ಕು ಕಿಲೋ ಸೇರಿಸಿ ಹೇಳುವುದಿಲ್ಲ, ದೃಷ್ಟಿಯಾದೀತೆಂದು ನಾಲ್ಕು ಕಿಲೋ ಕಡಿಮೆ ಮಾಡಿಯೂ ಹೇಳುವುದಿಲ್ಲ. ಹೇಳಿದರೆ ಔಷಧ ತಪ್ಪುತ್ತದೆ. ಎಂಟ್ರಿ ಟೈಮ್ ವಿಷಯದಲ್ಲಿ ಮಾತ್ರ ಇವೆರಡನ್ನೂ ನಿರಾತಂಕವಾಗಿ ಮಾಡುತ್ತಿದ್ದೇವೆ.

ಕಳೆದ ವರ್ಷದ ಈಜು ದಿನ ನಾವು ಎಂದಿನಂತೆ ಪ್ರಥಮ ಚಿಕಿತ್ಸೆಯ ಮೇಜಿನಲ್ಲಿ ಕುಳಿತಿದ್ದೆವು. ಎಂ.ಬಿ.ಬಿ.ಎಸ್. ಓದಿದವರೆಂಬ ಕಾರಣಕ್ಕೆ ಸಂಘ ನಮಗೆ ವರ್ಷಕ್ಕೊಮ್ಮೆ ಒಪ್ಪಿಸುವ ಸ್ವಯಂಸೇವೆ ಅದು. ಸಾಧಾರಣವಾಗಿ ತರಚಿದ ಮೊಣಕಾಲು, ಮೂಗಿನಲ್ಲಿ ರಕ್ತ, ಒಮ್ಮೊಮ್ಮೆ ಜೇನುನೊಣದ ಕಡಿತ. ಅಂದು ಬೆಳಿಗ್ಗೆ ಹನ್ನೊಂದು ವರ್ಷದ ಒಬ್ಬಳು ಹುಡುಗಿಯನ್ನು ಅವಳ ತಾಯಿ ಕರೆತಂದರು. ಎರಡು ಬಾರಿ ವಾಂತಿಯಾಗಿತ್ತು. ಕೈಗಳು ತಣ್ಣಗಿದ್ದವು, ತುಟಿ ಒಣಗಿತ್ತು, ನಾಡಿ ನಿಮಿಷಕ್ಕೆ 130ರ ಮೇಲಿತ್ತು. ಜ್ವರವಿರಲಿಲ್ಲ, ಹೊಟ್ಟೆ ಮೆತ್ತಗಿತ್ತು. ತಾಯಿಗೆ ಬೆಳಗಿನ ಉಪ್ಪಿಟ್ಟಿನ ಮೇಲೆ ಅನುಮಾನ. ತಾಯಿ ನೀರು ತರಲು ಹೋದಾಗ ಹುಡುಗಿ ಮೆಲ್ಲಗೆ ಹೇಳಿದಳು: “ಆಂಟಿ, ಅಪ್ಪ ಬರ್ದಿರೋ ಟೈಮ್ ನಂದಲ್ಲ.”

ಅವಳ 100 ಮೀಟರ್ ಫ್ರೀಸ್ಟೈಲಿನ ನಿಜವಾದ ಸಮಯ 1 ನಿಮಿಷ 31 ಸೆಕೆಂಡು. ನಮೂನೆಯಲ್ಲಿದ್ದದ್ದು 1 ನಿಮಿಷ 18. ಹೀಟ್ ಶೀಟ್ ಎರಡು ದಿನ ಮೊದಲೇ ವಾಟ್ಸ್ಆ್ಯಪ್ ಗುಂಪಿಗೆ ಬಂದಿತ್ತು. ಕೊನೆಯ ಹೀಟಿನಲ್ಲಿ ತನ್ನ ಹೆಸರನ್ನು ನೋಡಿದ ರಾತ್ರಿಯಿಂದ ಅವಳು ಸರಿಯಾಗಿ ಮಲಗಿರಲಿಲ್ಲ. ಈಜಬೇಡ, ಬಿಟ್ಟುಬಿಡು ಎಂದೆವು. ಅಪ್ಪನಿಗೆ ಬೇಸರವಾಗುತ್ತದೆ ಎಂದು ಹೊರಟುಹೋದಳು.

ಮುಂದಿನದನ್ನು ಸ್ಟಾಪ್‌ವಾಚ್ ಹಿಡಿದಿದ್ದ ಸ್ವಯಂಸೇವಕರೊಬ್ಬರು ಗುರುತು ಹಾಕಿಕೊಂಡಿದ್ದರಿಂದ ಅಂಕಿಗಳಲ್ಲೇ ಹೇಳಬಲ್ಲೆವು. ನಮ್ಮದು 25 ಮೀಟರಿನ ಕೊಳ, ನಾಲ್ಕು ಉದ್ದ. ಪಕ್ಕದ ಲೇನಿನವರನ್ನು ಬಿಡಲಾರದೆ ಅವಳು ಮೊದಲ ಉದ್ದವನ್ನು 17 ಸೆಕೆಂಡಿನಲ್ಲಿ ಮುಗಿಸಿದಳು. ಎರಡನೆಯದಕ್ಕೆ 23, ಮೂರನೆಯದಕ್ಕೆ 28, ಕೊನೆಯದಕ್ಕೆ 30. ಒಟ್ಟು 1 ನಿಮಿಷ 38. ತನ್ನ ಸ್ವಂತ ಸಮಯಕ್ಕಿಂತ 7 ಸೆಕೆಂಡು ನಿಧಾನ. ಉಳಿದವರೆಲ್ಲ ಗೋಡೆ ಮುಟ್ಟಿ ಕನ್ನಡಕ ತೆಗೆದು ಹಿಂದಿರುಗಿ ನೋಡುತ್ತಿದ್ದಾಗ ಅವಳೊಬ್ಬಳೇ ನೀರಿನಲ್ಲಿದ್ದಳು. ಕೊಳದ ಸುತ್ತ ಇದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಮನಸ್ಸು ಒಳ್ಳೆಯದು. ಆದರೆ ಕನಿಕರದ ಚಪ್ಪಾಳೆ ಹೇಗೆ ಕೇಳಿಸುತ್ತದೆ ಎಂಬುದು ಹನ್ನೊಂದು ವರ್ಷದ ಮಗುವಿಗೆ ಚೆನ್ನಾಗಿ ಗೊತ್ತು.

ತಂದೆಯ ವಾದವನ್ನು ಅವರ ಬಾಯಿಂದಲೇ ಕೇಳಿದೆವು. “ಗುರಿ ದೊಡ್ಡದಿರಬೇಕಲ್ವಾ ಡಾಕ್ಟ್ರೇ? ಒಳ್ಳೆಯವರ ಜೊತೆ ಬಿಟ್ರೆ ತಾನೇ ಎಳ್ಕೊಂಡು ಹೋಗುತ್ತೆ.” ಅವರು ಕೆಟ್ಟ ತಂದೆಯಲ್ಲ. ಬೆಳಗಿನ ಐದು ಗಂಟೆಗೆ, ಫೆಬ್ರುವರಿಯ ಹಿಮದಲ್ಲಿ, ಬ್ರಾಂಪ್ಟನ್ನಿನಿಂದ ಕಾರು ಓಡಿಸಿಕೊಂಡು ಮಗಳನ್ನು ಅಭ್ಯಾಸಕ್ಕೆ ಬಿಡುವವರು. ಅವರ ಮಾತನ್ನು ನಮ್ಮಲ್ಲಿ ಮುಕ್ಕಾಲು ಪಾಲು ಜನ ಒಪ್ಪುತ್ತಾರಾದ್ದರಿಂದ ಅದಕ್ಕೆ ಉತ್ತರ ಕೊಡುವುದು ಅಗತ್ಯ.

ಪಕ್ಕದವರ ವೇಗ ನಮ್ಮನ್ನು ಎಳೆಯುತ್ತದೆ ಎಂಬುದು ನಿಜ. ಒಂದೆರಡು ಸೆಕೆಂಡು ವೇಗದವರ ಪಕ್ಕ ಈಜಿದಾಗ ಅನೇಕರು ತಮ್ಮ ಅತ್ಯುತ್ತಮ ಸಮಯವನ್ನು ಕಾಣುತ್ತಾರೆ. ಹದಿಮೂರು ಸೆಕೆಂಡಿನ ಅಂತರ ಎಳೆಯುವುದಿಲ್ಲ, ಮುಳುಗಿಸುತ್ತದೆ. ಮೊದಲ ಉದ್ದವನ್ನು ಮಿತಿಮೀರಿದ ವೇಗದಲ್ಲಿ ಈಜಿದ ಸ್ನಾಯು, ರಕ್ತ ಒದಗಿಸಬಲ್ಲುದಕ್ಕಿಂತ ಹೆಚ್ಚಿನ ಶಕ್ತಿಯನ್ನು ಸಾಲ ತೆಗೆದುಕೊಂಡಿರುತ್ತದೆ. ಅರ್ಧ ದಾರಿಯಲ್ಲಿ ಆ ಸಾಲದ ಬಡ್ಡಿ ತೋಳಿನ ಭಾರವಾಗಿ, ಕಾಲಿನ ಉರಿಯಾಗಿ ವಸೂಲಾಗುತ್ತದೆ. ಇದು ದೇಹದ ಲೆಕ್ಕ. ಮನಸ್ಸಿನ ಲೆಕ್ಕವೂ ಹೀಗೆಯೇ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಇಲಿಗಳಿಗೆ ವಿದ್ಯುತ್ತಿನ ಸಣ್ಣ ಆಘಾತ ಕೊಟ್ಟು ಅವು ಪಾಠ ಕಲಿಯುವುದನ್ನು ಗಮನಿಸಿದರು. ಪಾಠ ಕಠಿಣವಾಗಿದ್ದಾಗ, ಆಘಾತ ಒಂದು ಹಂತದವರೆಗೆ ಕಲಿಕೆಗೆ ನೆರವಾಯಿತು, ಅದನ್ನು ದಾಟಿದ ಮೇಲೆ ಕಲಿಕೆಯನ್ನೇ ಕೆಡಿಸಿತು. ಸ್ಪರ್ಧೆಯ ಮುಂಚಿನ ನಡುಕದ ಕಥೆಯೂ ಬಹುಮಟ್ಟಿಗೆ ಅದೇ. ಅಡ್ರಿನಲಿನ್ ಸ್ವಲ್ಪ ಏರಿದರೆ ಹೃದಯ ಸಿದ್ಧವಾಗುತ್ತದೆ, ಕಣ್ಣು ಚುರುಕಾಗುತ್ತದೆ. ಮಿತಿಮೀರಿ ಏರಿದರೆ ಜಠರ ತನ್ನ ಕೆಲಸ ನಿಲ್ಲಿಸಿ ತಿಂದದ್ದನ್ನು ಹಿಂದಕ್ಕೆ ಕಳಿಸುತ್ತದೆ, ಕೈಕಾಲು ತಣ್ಣಗಾಗುತ್ತವೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ. ಉಪ್ಪಿಟ್ಟಿನ ತಪ್ಪೇನೂ ಇರಲಿಲ್ಲ.

ಅತಿವೇಗದ ಆರಂಭ ಮಕ್ಕಳ ತಪ್ಪು ಮಾತ್ರವೆಂದು ತಿಳಿಯಬಾರದು. 2016ರ ರಿಯೊ ಒಲಿಂಪಿಕ್ಸಿನ ಮಹಿಳೆಯರ 100 ಮೀಟರ್ ಫ್ರೀಸ್ಟೈಲ್ ಫೈನಲನ್ನು ನಮ್ಮ ಊರಿನವರು ಮರೆಯುವಂತಿಲ್ಲ. ಕೆಲವೇ ವಾರಗಳ ಹಿಂದೆ ವಿಶ್ವದಾಖಲೆ ಬರೆದಿದ್ದ ಆಸ್ಟ್ರೇಲಿಯಾದ ಕೇಟ್ ಕ್ಯಾಂಪ್‌ಬೆಲ್ ಅರ್ಧ ದೂರದಲ್ಲಿ ಎಲ್ಲರಿಗಿಂತ ಮುಂದಿದ್ದರು, ಮುಗಿಸಿದ್ದು ಆರನೆಯವರಾಗಿ. ಅದೇ ತಿರುವಿನಲ್ಲಿ ಏಳನೆಯವಳಾಗಿದ್ದ, ಹದಿನಾರು ವರ್ಷದ ಟೊರಾಂಟೊ ಹುಡುಗಿ ಪೆನ್ನಿ ಒಲೆಕ್ಸಿಯಾಕ್ 52.70 ಸೆಕೆಂಡಿನಲ್ಲಿ ಗೋಡೆ ಮುಟ್ಟಿ ಅಮೆರಿಕದ ಸಿಮೋನ್ ಮ್ಯಾನುಯೆಲ್ ಜೊತೆ ಚಿನ್ನ ಹಂಚಿಕೊಂಡಳು. ಜಗತ್ತಿನ ಅತಿವೇಗದ ಈಜುಗಾರ್ತಿಯನ್ನೂ ಅವಳ ಹಳೆಯ ಸಮಯ ಕಾಪಾಡಲಿಲ್ಲ. ಐದು ವರ್ಷಗಳ ನಂತರ ಟೋಕಿಯೊದಲ್ಲಿ ಟುನೀಶಿಯಾದ ಅಹ್ಮದ್ ಹಫ್ನಾವಿ ಎಂಬ ಹದಿನೆಂಟರ ಹುಡುಗ ಎಂಟನೆಯವನಾಗಿ ಫೈನಲ್ ಸೇರಿ, ಅಂಚಿನ ಎಂಟನೆಯ ಲೇನಿನಿಂದ 400 ಮೀಟರ್ ಫ್ರೀಸ್ಟೈಲಿನ ಚಿನ್ನ ಗೆದ್ದ. ನಾಲ್ಕನೆಯ ಲೇನ್ ಸಿಗಲಿಲ್ಲವೆಂದು ನಮ್ಮ ಮಕ್ಕಳ ಪರವಾಗಿ ಮುಖ ಊದಿಸಿಕೊಳ್ಳುವ ಹೆತ್ತವರು ಆ ಸ್ಪರ್ಧೆಯ ದೃಶ್ಯವನ್ನೊಮ್ಮೆ ನೋಡಬೇಕು.

ನಿಧಾನದ ಹೀಟ್ ಎಂದರೆ ಅವಮಾನ ಎಂಬ ಭಾವನೆ ನಮಗೆಲ್ಲಿಂದ ಬಂತೋ ತಿಳಿಯದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು ಭಾರತ ತಂಡದ ಅತಿ ಕಿರಿಯ ಸ್ಪರ್ಧಿ, ವಯಸ್ಸು ಹದಿನಾಲ್ಕು. ಅರ್ಹತಾ ಸಮಯ ತಲುಪಿದವರಿಲ್ಲದ ದೇಶಗಳಿಗೆ ಮೀಸಲಾದ ಸಾರ್ವತ್ರಿಕ ಸ್ಥಾನದ ಮೂಲಕ ಹೋದವಳು. 200 ಮೀಟರ್ ಫ್ರೀಸ್ಟೈಲಿನ ಮೊದಲ ಹೀಟಿನಲ್ಲಿ, ಅಂದರೆ ನಿಧಾನದ ಸಮಯದವರ ಹೀಟಿನಲ್ಲಿ, 2 ನಿಮಿಷ 06.96 ಸೆಕೆಂಡಿನಲ್ಲಿ ಈಜಿದಳು. ಒಟ್ಟಾರೆ 23ನೆಯ ಸ್ಥಾನ. ಅದಕ್ಕೂ 24 ವರ್ಷ ಮೊದಲು, ಚಿಕ್ಕಂದಿನಲ್ಲಿ ಮುಳುಗುವುದರಿಂದ ಪಾರಾಗಿ ನೀರಿಗೆ ಹೆದರುತ್ತಿದ್ದ ನಿಶಾ ಮಿಲೆಟ್, ಸಿಡ್ನಿಯಲ್ಲಿ ಇದೇ 200 ಮೀಟರ್ ಈಜಿದ್ದರು, ಅವರೂ ಬೆಂಗಳೂರಿನವರೇ. ಒಲಿಂಪಿಕ್ಸಿನ ಮೊದಲ ಹೀಟಿಗೆ ಇಡೀ ಕರ್ನಾಟಕ ಹೆಮ್ಮೆಪಟ್ಟಿತು. ಸಂಘದ ಈಜು ದಿನದ ಮೊದಲ ಹೀಟಿಗೆ ಮಾತ್ರ ನಾವು ನಾಚುತ್ತೇವೆ.

ಇನ್ನು ಎದುರು ಬದಿಯ ಸುಳ್ಳಿನ ಮಾತು. ಇದನ್ನು ಹೇಳುವಾಗ ಇತರರ ಕಡೆಗೆ ಬೆರಳು ತೋರಿಸುವ ಅರ್ಹತೆ ನಮಗಿಲ್ಲ.

ನಾವು ನಲವತ್ತು ದಾಟಿದ ಮೇಲೆ ಈಜು ಕಲಿತವರು. ಹದಿನೆಂಟು ತುಂಬಿದವರಿಗೆಲ್ಲ ಇಲ್ಲಿ ಮಾಸ್ಟರ್ಸ್ ಈಜು ಎಂಬ ಒಳ್ಳೆಯ ವ್ಯವಸ್ಥೆಯಿದೆ. ಅಲ್ಲಿ ವಯಸ್ಸನ್ನು ಐದೈದು ವರ್ಷದ ಗುಂಪುಗಳಾಗಿ ಎಣಿಸಿದರೂ, ಹೀಟ್ ಕಟ್ಟುವಾಗ ಬಹುತೇಕ ಸಮಯವನ್ನು ಮಾತ್ರ ನೋಡುತ್ತಾರೆ. ಮೂವತ್ತರ ಯುವಕ, ಎಪ್ಪತ್ತರ ಅಜ್ಜಿ ಅಕ್ಕಪಕ್ಕ ನಿಲ್ಲುವುದುಂಟು. ಎಂಟ್ರಿ ಟೈಮನ್ನು ಈಜುಗಾರರೇ ಬರೆದುಕೊಡುತ್ತಾರೆ. ಸಾಕ್ಷ್ಯ ಕೇಳುವವರು ಕಡಿಮೆ. ಮಕ್ಕಳ ಕ್ಲಬ್ ಸ್ಪರ್ಧೆಗಳಲ್ಲಿ ಹೀಗಲ್ಲ. ಸ್ವಿಮ್ ಒಂಟಾರಿಯೊ ಮಾನ್ಯತೆಯ ಕೂಟಗಳಿಗೆ ಸಾಮಾನ್ಯವಾಗಿ ತರಬೇತುದಾರರೇ, ದಾಖಲಾದ ಸಮಯದೊಂದಿಗೆ ಹೆಸರು ಕಳಿಸುತ್ತಾರೆ. ಹೆತ್ತವರ ಕೈಗೆ ಆ ಚೌಕ ಸಿಗುವುದೇ ಅಪರೂಪ. ಸಿಕ್ಕಲ್ಲಿ ನಾವು ಏನು ಮಾಡುತ್ತೇವೆ ಎಂಬುದಕ್ಕೆ ಸಂಘದ ಈಜು ದಿನವೇ ಸಾಕ್ಷಿ.

ನಮ್ಮ ಮೊದಲ ಮಾಸ್ಟರ್ಸ್ ಸ್ಪರ್ಧೆ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್. ಅಭ್ಯಾಸದಲ್ಲಿ 1 ನಿಮಿಷ 42 ಸೆಕೆಂಡಿನ ಆಸುಪಾಸು ಈಜುತ್ತಿದ್ದೆವು. ನಮೂನೆಯಲ್ಲಿ 1 ನಿಮಿಷ 55 ಎಂದು ಬರೆದೆವು. ಮೊದಲ ಬಾರಿ, ಏನಾಗುವುದೋ, ಸುಮ್ಮನೆ ಕೊನೆಯವರಾಗುವುದೇಕೆ ಎಂದು ನಮಗೆ ನಾವೇ ಹೇಳಿಕೊಂಡೆವು. ಹಾಸಿಗೆ ಇದ್ದಷ್ಟು ಕಾಲು ಚಾಚುವ ವಿವೇಕವೆಂದು ಅದಕ್ಕೆ ಹೆಸರನ್ನೂ ಇಟ್ಟುಕೊಂಡೆವು. ಸ್ಪರ್ಧೆಯ ದಿನ 1 ನಿಮಿಷ 43ರಲ್ಲಿ ಮುಗಿಸಿ, ಆ ಹೀಟನ್ನು ಹತ್ತು ಸೆಕೆಂಡಿಗೂ ಹೆಚ್ಚು ಅಂತರದಿಂದ ಗೆದ್ದೆವು. ಪಕ್ಕದ ಲೇನಿನಲ್ಲಿದ್ದವರು ಎಪ್ಪತ್ತು ದಾಟಿದ ಮಹಿಳೆ. ತಾವು ಬರೆದ 1 ನಿಮಿಷ 54ಕ್ಕೆ ಸರಿಯಾಗಿ ಈಜಿ ಬಂದರು. ಲೇನಿನ ಹಗ್ಗದ ಮೇಲೆ ಕೈಯಿಟ್ಟು ನಗುತ್ತಾ, ಇದು ನಿಮ್ಮ ಮೊದಲ ಸ್ಪರ್ಧೆಯೇ, ನಿಮ್ಮ ವೇಗ ನಿಮಗೇ ತಿಳಿದಿರಲಿಲ್ಲವೇ ಎಂದು ಕೇಳಿದರು. ಹೌದು, ತಿಳಿದಿರಲಿಲ್ಲ ಎಂದೆವು. ಅದು ಎರಡನೆಯ ಸುಳ್ಳು. ಅವರಿಗೆ ಆ ಹೀಟಿನಲ್ಲಿ ಸಮಸಮ ಈಜುವ ಜೊತೆ ಸಿಗಬೇಕಿತ್ತು. ನಮ್ಮಿಂದಾಗಿ ಅದು ತಪ್ಪಿತು. ನಮಗೂ ಸಿಗಲಿಲ್ಲ. ಸರಿಯಾದ ಹೀಟಿನಲ್ಲಿದ್ದಿದ್ದರೆ 1 ನಿಮಿಷ 40ರ ಒಳಗೆ ಬರುತ್ತಿದ್ದೆವೋ ಏನೋ.

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಮುಂದಿನ ಸ್ಪರ್ಧೆ. ಹೀಟ್ ಗೆದ್ದವರಿಗೆ ಧೈರ್ಯ ಬರಬೇಕಲ್ಲವೇ? ಎರಡನೆಯ ನಮೂನೆ ತುಂಬುವಾಗ ಭಯ ಇಮ್ಮಡಿಯಾಗಿತ್ತು. ಈಗ ಫಲಿತಾಂಶದ ಪಟ್ಟಿಯಲ್ಲಿ 1 ನಿಮಿಷ 43 ಎಂದು ದಾಖಲಾಗಿತ್ತಲ್ಲ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ. ವೈದ್ಯರಾಗಿ ಇದರ ಕಾರಣ ನಮಗೆ ತಿಳಿದಿರಬೇಕಿತ್ತು. ಭಯಪಡುವ ವಸ್ತುವಿನಿಂದ ತಪ್ಪಿಸಿಕೊಂಡ ಕ್ಷಣದಲ್ಲಿ ಮನಸ್ಸಿಗೆ ಹಾಯೆನಿಸುತ್ತದೆ. ಆ ಹಾಯಿಯೇ ಬಹುಮಾನವಾಗಿ, ಮುಂದಿನ ಬಾರಿಯೂ ತಪ್ಪಿಸಿಕೊಳ್ಳುವಂತೆ ಮನಸ್ಸನ್ನು ಪಳಗಿಸುತ್ತದೆ. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತುವವರಿಗೆ ಲಿಫ್ಟಿನ ಭಯ ಎಂದೂ ಕಳೆಯುವುದಿಲ್ಲ. ನಿಧಾನದ ಸುಳ್ಳು ಬರೆದವರು ಸ್ಪರ್ಧೆಯ ದಿನದ ಅವಮಾನದಿಂದ ತಪ್ಪಿಸಿಕೊಳ್ಳುತ್ತಾರೆ. ವೇಗದ ಸುಳ್ಳು ಬರೆದವರು ಹೀಟ್ ಶೀಟ್ ಬಂದ ದಿನದ ಅವಮಾನದಿಂದ ತಪ್ಪಿಸಿಕೊಳ್ಳುತ್ತಾರೆ. ಎರಡೂ ಒಂದೇ ಭಯದ ಎರಡು ವೇಷಗಳು. ವ್ಯತ್ಯಾಸವೊಂದೇ: ವೇಗದ ಸುಳ್ಳನ್ನು ಬರೆಯುವವರು ಹೆತ್ತವರು, ಅದನ್ನು ಈಜಬೇಕಾದವರು ಮಕ್ಕಳು.

ಈ ಭಯ ನಮಗೆ ಹೊಸದಲ್ಲ, ಕೆನಡಾದಲ್ಲಿ ಹುಟ್ಟಿದ್ದೂ ಅಲ್ಲ. ಕರ್ನಾಟಕದಲ್ಲಿ ಸಿ.ಇ.ಟಿ. ಆರಂಭವಾದದ್ದು 1994ರಲ್ಲಿ. ಅದರ ಮೊದಲ ದಶಕದಲ್ಲಿ ಪರೀಕ್ಷೆ ಬರೆದ ತಲೆಮಾರು ನಮ್ಮದು. ಹೆಸರಿನ ಹಿಂದೆ ಒಂದು ರ‍್ಯಾಂಕು ಅಂಟಿಕೊಂಡ ಬೇಸಿಗೆಯನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಕೊನೆಗೆ ಹಾಲು ಹಾಕುವವರೂ ಕೇಳುತ್ತಿದ್ದ ಪ್ರಶ್ನೆ ಒಂದೇ ಆಗಿತ್ತು. ಆ ಅಂಕಿಯನ್ನು ಹೊತ್ತುಕೊಂಡೇ ನಾವು ವಿಮಾನ ಹತ್ತಿದೆವು. ಇಲ್ಲಿ ಮಕ್ಕಳಿಗೆ ಅಂಥ ಒಂದೇ ಪರೀಕ್ಷೆಯಿಲ್ಲ. ಇಲ್ಲದ್ದಕ್ಕೆ ನೆಮ್ಮದಿಪಡುವುದನ್ನು ಬಿಟ್ಟು, ಸ್ಟಾಪ್‌ವಾಚಿನಲ್ಲಿ ಅದನ್ನು ಹುಡುಕಿಕೊಂಡಿದ್ದೇವೆ. ಈಜಿನ ಸಮಯಕ್ಕೆ ಅಂಕಿಯ ನಿಖರತೆಯಿದೆ, ನೂರನೆಯ ಒಂದು ಸೆಕೆಂಡಿನವರೆಗೆ. ಫಲಿತಾಂಶಗಳು ಮೊಬೈಲಿನಲ್ಲೇ ಸಿಗುತ್ತವೆ. ಮಿಸ್ಸಿಸಾಗದ ಯಾರೋ ಮಗುವಿನ ಸಮಯವನ್ನು ಮಿಲ್ಟನ್ನಿನ ಅಡುಗೆಮನೆಯಲ್ಲಿ ಕುಳಿತು ಹೋಲಿಸಬಹುದು. ಹೋಲಿಸುತ್ತಾರೆ. ಊಟದ ಹೊತ್ತಿನಲ್ಲಿ ಹೋಲಿಸುತ್ತಾರೆ.

ಇದರ ತುದಿ ಎಲ್ಲಿ ಎಂಬುದಕ್ಕೆ ಒಂದು ಪ್ರಸಂಗ. ಈ ಚಳಿಗಾಲದಲ್ಲಿ ಒಬ್ಬ ತಂದೆ ನಮ್ಮ ಬಳಿ ಬಂದು, ಮಗನಿಗೆ ಸ್ಪರ್ಧೆಯ ಮುಂಚೆ ಕೈ ನಡುಗುತ್ತದೆ, ಪ್ರೊಪ್ರಾನಲಾಲ್ ಕೊಡಬಹುದೇ ಎಂದು ಕೇಳಿದರು. ಹುಡುಗನ ವಯಸ್ಸು ಹದಿಮೂರು. ಬೀಟಾ ಬ್ಲಾಕರ್ ವರ್ಗದ ಔಷಧಗಳು ಬಿಲ್ಲುಗಾರಿಕೆ, ಶೂಟಿಂಗ್‌ಗಳಂಥ ಕ್ರೀಡೆಗಳಲ್ಲಿ ನಿಷಿದ್ಧ, ಈಜಿನಲ್ಲಿ ಅಲ್ಲ ಎಂಬುದನ್ನೂ ಅವರು ಓದಿಕೊಂಡೇ ಬಂದಿದ್ದರು. ಈಜಿನಲ್ಲಿ ಅದನ್ನು ನಿಷೇಧಿಸುವ ಅಗತ್ಯ ಏಕೆ ಬಿದ್ದಿಲ್ಲ ಎಂದು ಮಾತ್ರ ಯೋಚಿಸಿರಲಿಲ್ಲ. ಆ ಔಷಧ ಹೃದಯದ ಬಡಿತ ಏರದಂತೆ ತಡೆಯುತ್ತದೆ; ಈಜಿಗೆ ಬೇಕಾದದ್ದೇ ಹೃದಯ ಏರುವುದು. ಅದಕ್ಕಿಂತ ಮುಖ್ಯವಾಗಿ, ಉಬ್ಬಸವಿರುವವರಲ್ಲಿ ಅದು ಶ್ವಾಸನಾಳಗಳನ್ನು ಬಿಗಿಗೊಳಿಸಿ ಪ್ರಾಣಕ್ಕೇ ಕುತ್ತು ತರಬಲ್ಲದು. ಕ್ಲೋರಿನ್ ತುಂಬಿದ ಒಳಾಂಗಣ ಕೊಳಗಳಲ್ಲಿ ವರ್ಷವಿಡೀ ಈಜುವ ಮಕ್ಕಳಲ್ಲಿ ವ್ಯಾಯಾಮದಿಂದ ಬರುವ ಉಬ್ಬಸ ಅಪರೂಪವೇನಲ್ಲ. ಕೊಡುವುದಿಲ್ಲ ಎಂದೆವು, ಸ್ವಯಂಸೇವೆಯ ಮೇಜಿನಿಂದ ಯಾವ ಔಷಧವನ್ನೂ ಬರೆಯುವುದಿಲ್ಲ ಎಂಬುದು ಬೇರೆ ಮಾತು. ಆಮೇಲೆ ಹುಡುಗನ ಎಂಟ್ರಿ ಟೈಮ್ ಎಷ್ಟು ಎಂದು ಕೇಳಿದೆವು. ಉತ್ತರದಲ್ಲಿ ಎರಡು ಅಂಕಿಗಳಿದ್ದವು: ಒಂದು ಮಗ ಈಜಿದ್ದು, ಇನ್ನೊಂದು ತಂದೆ ಬಯಸಿದ್ದು.

ಇನ್ನೊಂದು ಅಪಾಯಕರ ಸಲಹೆಯನ್ನೂ ಇಲ್ಲೇ ಹೇಳಿಬಿಡಬೇಕು. ಭಯವಾದರೆ ನೀರಿಗೆ ಹಾರುವ ಮುನ್ನ ಹತ್ತು ಹದಿನೈದು ಬಾರಿ ಜೋರಾಗಿ ಉಸಿರೆಳೆದು ಬಿಡು ಎಂದು ಮಕ್ಕಳಿಗೆ ಹೇಳುವವರಿದ್ದಾರೆ. ದಯವಿಟ್ಟು ಹೇಳಬೇಡಿ. ಹಾಗೆ ಮಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ಬೇಕೆಂದು ಮಿದುಳಿಗೆ ಕೂಗಿ ಹೇಳುವುದೇ ಆ ಅನಿಲ. ಕೂಗು ಕೇಳಿಸದೆ ಮಗು ನೀರಿನಡಿಯಲ್ಲೇ ಪ್ರಜ್ಞೆ ತಪ್ಪಬಹುದು. ಮೆಲ್ಲಗೆ ಉಸಿರೆಳೆದು, ಅದರ ಎರಡರಷ್ಟು ಹೊತ್ತು ನಿಧಾನವಾಗಿ ಬಿಡುವುದು, ಹೀಗೆ ನಾಲ್ಕೈದು ಸಲ, ಅಷ್ಟು ಸಾಕು.

ಈಗ ಸಮಿತಿಯ ಪ್ರಸ್ತಾವಕ್ಕೆ ಬರುತ್ತೇವೆ. ಬರೆದದ್ದಕ್ಕಿಂತ 5 ಸೆಕೆಂಡು ವೇಗವಾಗಿ ಈಜಿದವರನ್ನು ಹೊರಹಾಕುವ ನಿಯಮ ನಿಧಾನದ ಸುಳ್ಳನ್ನು ಮಾತ್ರ ಹಿಡಿಯುತ್ತದೆ. ಮಕ್ಕಳನ್ನು ಹೆಚ್ಚು ಘಾಸಿಗೊಳಿಸುವ ವೇಗದ ಸುಳ್ಳಿಗೆ ಅದರಲ್ಲಿ ಶಿಕ್ಷೆಯೂ ಇಲ್ಲ, ತಡೆಯೂ ಇಲ್ಲ. ಮೇಲಾಗಿ ಅದು ಪ್ರಾಮಾಣಿಕರನ್ನೂ ಹಿಡಿಯುತ್ತದೆ. ಹತ್ತು ಹನ್ನೆರಡು ವರ್ಷದ ಮಗು ಒಂದೇ ಬೇಸಿಗೆಯಲ್ಲಿ ಎರಡಂಗುಲ ಬೆಳೆಯಬಹುದು, ತಿರುವು ಹಾಕುವುದನ್ನು ಕಲಿಯಬಹುದು. 100 ಮೀಟರಿನಲ್ಲಿ 6 ಸೆಕೆಂಡು ಇಳಿಸುವುದು ಆ ವಯಸ್ಸಿನಲ್ಲಿ ಅಸಾಧ್ಯವಲ್ಲ. ತನ್ನ ಬದುಕಿನ ಅತ್ಯುತ್ತಮ ಈಜನ್ನು ಈಜಿ ಗೋಡೆ ಮುಟ್ಟಿದ ಮಗುವಿಗೆ, ನೀನು ಅನರ್ಹ ಎಂದು ಹೇಳುವ ಸ್ವಯಂಸೇವಕ ಯಾರು? ನಾವಂತೂ ಅಲ್ಲ. ಆ ನಿಯಮ ಬಂದರೆ ಹೆತ್ತವರೆಲ್ಲ ಸುರಕ್ಷತೆಗಾಗಿ ಇನ್ನೂ ವೇಗದ ಸಮಯಗಳನ್ನೇ ಬರೆಯುತ್ತಾರೆ. ಕಳೆದ ವರ್ಷ ಒಬ್ಬಳು ಹುಡುಗಿ ವಾಂತಿ ಮಾಡಿಕೊಂಡಳು. ಮುಂದಿನ ವರ್ಷ ಬಕೆಟ್‌ಗಳ ವ್ಯವಸ್ಥೆ ಮಾಡಬೇಕಾದೀತು.

ತಾನು ಬರೆದ ಸಮಯಕ್ಕೆ ಅತ್ಯಂತ ಸಮೀಪವಾಗಿ ಈಜಿದವರಿಗೆ ಬಹುಮಾನ ಕೊಡೋಣ ಎಂಬ ಸಲಹೆಯೂ ಬಂದಿದೆ. ಕೇಳಲು ಚೆಂದ. ಆದರೆ ಮಕ್ಕಳು ಗಡಿಯಾರ ನೋಡುತ್ತಾ, ಕೊನೆಯ ಐದು ಮೀಟರಿನಲ್ಲಿ ತೇಲುತ್ತಾ ಕಾಯುವುದನ್ನು ಕಲಿಯುತ್ತಾರೆ. ಈಜು ಕಲಿಸುವ ಕ್ರಮ ಅದಲ್ಲ.

ನಮ್ಮ ಕೋರಿಕೆ ಸರಳವಾದದ್ದು. ಈಜು ದಿನಕ್ಕೆ ಎರಡು ವಾರ ಮೊದಲು ಒಂದು ಭಾನುವಾರ ಅದೇ ಕೊಳದಲ್ಲಿ ಎರಡು ಗಂಟೆ ಸಮಯ ತೆಗೆದುಕೊಳ್ಳೋಣ. ಬರುವ ಮಕ್ಕಳೆಲ್ಲ ಒಮ್ಮೆ ಈಜಲಿ. ಸ್ವಯಂಸೇವಕರು ಸಮಯ ಅಳೆದು ಚೀಟಿಯಲ್ಲಿ ಬರೆದು ಮಗುವಿನ ಕೈಗೇ ಕೊಡಲಿ. ನಮೂನೆಯ ಆ ಚೌಕವನ್ನು ಮಗು ತನ್ನ ಅಕ್ಷರದಲ್ಲಿ ತಾನೇ ತುಂಬಲಿ. ಬರಲಾಗದವರು ಕಳೆದ ಮೂರು ನಾಲ್ಕು ತಿಂಗಳೊಳಗಿನ, ಅಷ್ಟೇ ಉದ್ದದ ಕೊಳದಲ್ಲಿ ಈಜಿದ ಸಮಯವನ್ನು ಬರೆಯಲಿ. 50 ಮೀಟರ್ ಕೊಳದ ಸಮಯವೂ 25 ಮೀಟರ್ ಕೊಳದ ಸಮಯವೂ ಒಂದೇ ಅಲ್ಲ. ತಿರುವುಗಳಲ್ಲಿ ಗೋಡೆಯನ್ನು ಒದೆಯುವ ಲಾಭದಿಂದ ಸಣ್ಣ ಕೊಳದ ಸಮಯ ವೇಗವಾಗಿರುತ್ತದೆ. ರಿಲೇಯ ಎರಡನೆಯ ಮೂರನೆಯ ಸರದಿಯಲ್ಲಿ ಈಜಿದ ಸಮಯವೂ ಬೇಡ. ಮುಂದಿನವರು ಗೋಡೆ ಮುಟ್ಟುವುದನ್ನು ನೋಡುತ್ತಲೇ ಹಾರಲು ಬಾಗಿರುವುದರಿಂದ ಅದರಲ್ಲಿ ಅರ್ಧ ಸೆಕೆಂಡಿನಷ್ಟು ಉಳಿತಾಯವಾಗಿರುತ್ತದೆ. ಸಮಯವೇ ತಿಳಿಯದಿದ್ದರೆ ಖಾಲಿ ಬಿಡಿ. ಸಮಯವಿಲ್ಲ ಎಂದು ಬರೆದು ಮೊದಲ ಹೀಟಿನಲ್ಲಿ ಈಜುವುದರಲ್ಲಿ ಯಾವ ಕುಂದೂ ಇಲ್ಲ. ಹೀಟ್ ಶೀಟನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದನ್ನು ನಿಲ್ಲಿಸಿ, ಅಂದು ಬೆಳಿಗ್ಗೆ ಕೊಳದ ಗೋಡೆಗೆ ಅಂಟಿಸೋಣ. ಮಕ್ಕಳಿಗೆ ಎರಡು ರಾತ್ರಿಯ ನಿದ್ದೆಯಾದರೂ ಉಳಿದೀತು.

ಇಷ್ಟರ ಮೇಲೂ ಕೆಲವು ಮಕ್ಕಳಿಗೆ ನಡುಕವಿರುತ್ತದೆ. ಇರಲಿ, ನೀರಿಗೆ ಬಿದ್ದ ಮೇಲೆ ಹೋಗುವ ನಡುಕದ ಬಗ್ಗೆ ಚಿಂತೆ ಬೇಡ. ಸ್ಪರ್ಧೆಗೆ ವಾರಗಳ ಮೊದಲೇ ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಶಾಲೆಗೂ ಹೋಗಲೊಲ್ಲೆ ಎಂದರೆ, ಅದು ಈಜಿನ ಪ್ರಶ್ನೆಯಲ್ಲ. ತಮ್ಮ ಕುಟುಂಬ ವೈದ್ಯರನ್ನು ಕಾಣಬೇಕು. ಹೆತ್ತವರೊಡನೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಕಿಡ್ಸ್ ಹೆಲ್ಪ್ ಫೋನ್ ಎಂಬ ಸೇವೆ ದೇಶದಾದ್ಯಂತ ಹಗಲೂ ರಾತ್ರಿ ಇದೆ ಎಂಬುದನ್ನು ಮಕ್ಕಳಿಗೆ ತಿಳಿಸಿರಿ.

ಆ ಹನ್ನೊಂದು ವರ್ಷದ ಹುಡುಗಿ ಈಗ ಹನ್ನೆರಡಕ್ಕೆ ಕಾಲಿಟ್ಟಿದ್ದಾಳೆ. ನವೆಂಬರಿನಲ್ಲಿ ಈಜು ಬಿಟ್ಟಳೆಂದು ಅವಳ ತಾಯಿ ದೀಪಾವಳಿಯ ಕಾರ್ಯಕ್ರಮದಲ್ಲಿ ಹೇಳಿದರು. ಕಳೆದ ವಾರ ತಂದೆಯೇ ಫೋನ್ ಮಾಡಿ, ಅಭ್ಯಾಸದ ಭಾನುವಾರ ಯಾವಾಗ ಎಂದು ವಿಚಾರಿಸಿದರು. ಅವಳನ್ನು ಕರೆತರುತ್ತೀರಾ ಎಂದಾಗ, “ಕೇಳ್ತೀನಿ ಡಾಕ್ಟ್ರೇ, ಅವಳು ಹ್ಞೂಂ ಅಂದ್ರೆ” ಎಂದರು.

ಸಮಿತಿಯ ಸಭೆ ಈ ತಿಂಗಳ ಕೊನೆಯ ಶನಿವಾರ. ಸದಸ್ಯರು ತಮ್ಮ ಅಭಿಪ್ರಾಯವನ್ನು ಅದಕ್ಕೆ ಮೊದಲು ಕಾರ್ಯದರ್ಶಿಗಳಿಗೆ ಬರೆದು ತಿಳಿಸಬೇಕಾಗಿ ವಿನಂತಿ. ಅಭ್ಯಾಸದ ಭಾನುವಾರಕ್ಕೆ ಸಮಯ ಅಳೆಯಲು ಆರು ಮಂದಿ ಸ್ವಯಂಸೇವಕರು ಬೇಕಾಗಿದ್ದಾರೆ. ಸ್ಟಾಪ್‌ವಾಚ್ ಸಂಘದ್ದೇ ಇದೆ. ತಮ್ಮ ಮಗುವಿನ ಲೇನನ್ನು ತಾವೇ ಅಳೆಯುವಂತಿಲ್ಲ.